ಲೋಹಗಳ ಕಿಟ್ ಚೆನ್ನಾಗಿದೆ, ಜೊತೆಗಿರುವ ಪುಸ್ತಿಕೆ ಸಾಲದು

ಮೊದಲೇ ಹೇಳಿಬಿಡುತ್ತೇನೆ, ಲೋಹಗಳ ಬಗ್ಗೆ ಕಲಿಸುವ ಈ ಕಿಟ್ ಕೊಳ್ಳಬಹುದು. ಲೋಹೀಯ ಬಂಧ (ಲೋಹದ ಪರಮಾಣುಗಳನ್ನು ಒಟ್ಟಿಗೆ ಹಿಡಿದಿಡುವ ಬಂಧ) ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ನಾಲ್ಕು ಸಾಲು ಅಂದುಕೊಂಡಿರುವವರ ಕೈಗೆ ಇದನ್ನು ಕೊಡಬೇಕು. ಆದರೆ ಜೊತೆಗೆ ಬರುವ ಪುಸ್ತಿಕೆಯನ್ನು ಪೂರ್ತಿ ನಂಬಿ ಕೂತರೆ ಅರ್ಧ ವಿಷಯ ಕೈತಪ್ಪಿ ಹೋಗುತ್ತದೆ.

ಪೆಟ್ಟಿಗೆಯಲ್ಲಿ ಏನಿದೆ ಅಂದರೆ, ಒಂದು ಸೆಂಟಿಮೀಟರ್ ಅಳತೆಯ ಒಂಬತ್ತು ಲೋಹದ ಘನಗಳು: ಮೆಗ್ನೀಸಿಯಂ, ಅಲ್ಯೂಮಿನಿಯಂ, ಟೈಟಾನಿಯಂ, ಸತು, ತವರ, ಕಬ್ಬಿಣ, ತಾಮ್ರ, ಸೀಸ, ಟಂಗ್‌ಸ್ಟನ್. ಐದು ಲೋಹಗಳ ಚಪ್ಪಟೆ ಪಟ್ಟಿಗಳು, ಅದೇ ಐದು ಲೋಹಗಳ ಸಣ್ಣ ತಂತಿಗಳು. ಬಗ್ಗಿಸಿ ನೋಡಲು ತಾಮ್ರ, ಸತು, ತವರದ ಕಡ್ಡಿಗಳು. ಪ್ಲಾಸ್ಟಿಕ್ ಚೀಲದಲ್ಲಿ ಸ್ವಲ್ಪ ಗ್ಯಾಲಿಯಂ. ಒಂದು ದಪ್ಪ ತಾಮ್ರದ ಕೊಳವೆ, ಅದರೊಳಗೆ ಬಿಡಲು ಒಂದು ಮ್ಯಾಗ್ನೆಟ್. ಎರಡು ಅಕ್ರಿಲಿಕ್ ಹಾಳೆಗಳ ನಡುವೆ ಸಣ್ಣ ಉಕ್ಕಿನ ಗುಂಡುಗಳನ್ನು ಒಂದೇ ಪದರವಾಗಿ ತುಂಬಿದ ಒಂದು ಫಲಕ. ಮತ್ತೆ ಆ ಪುಸ್ತಿಕೆ.

ಘನಗಳಿಂದಲೇ ಶುರು ಮಾಡಿ. ಒಂದು ಘನ ಸೆಂಟಿಮೀಟರ್ ಆದ್ದರಿಂದ ತೂಕವೇ ಸಾಂದ್ರತೆ, ಲೆಕ್ಕ ಬೇಡ. ಮೆಗ್ನೀಸಿಯಂ 1.74 ಗ್ರಾಂ, ಅಲ್ಯೂಮಿನಿಯಂ 2.7, ಕಬ್ಬಿಣ 7.87, ತಾಮ್ರ 8.96, ಸೀಸ 11.34, ಟಂಗ್‌ಸ್ಟನ್ 19.25. ಪುಸ್ತಿಕೆ ಇಷ್ಟನ್ನು ಒಂದು ಪಟ್ಟಿ ಮಾಡಿ ಮುಂದಿನ ಪುಟಕ್ಕೆ ಹೋಗುತ್ತದೆ. ಅಲ್ಲಿ ನಿಲ್ಲಬೇಕಿತ್ತು. ಯಾಕೆ ಅಂದರೆ ಅಲ್ಯೂಮಿನಿಯಂ ಘನದಲ್ಲೂ ಟಂಗ್‌ಸ್ಟನ್ ಘನದಲ್ಲೂ ಇರುವ ಪರಮಾಣುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ, ಎರಡರಲ್ಲೂ 6ರ ಮುಂದೆ 22 ಸೊನ್ನೆ ಹಾಕಿದಷ್ಟು. ಎರಡರ ಪರಮಾಣುಗಳ ಗಾತ್ರವೂ ಹತ್ತಿರಹತ್ತಿರ. ಒಂದೊಂದು ಟಂಗ್‌ಸ್ಟನ್ ಪರಮಾಣು ಅಲ್ಯೂಮಿನಿಯಂ ಪರಮಾಣುವಿನ ಸುಮಾರು ಏಳು ಪಟ್ಟು ತೂಗುತ್ತದೆ, ಅಷ್ಟೇ ವ್ಯತ್ಯಾಸ. ಈಗ ಸೀಸವನ್ನು ತೆಗೆದುಕೊಳ್ಳಿ. ಸೀಸದ ಪರಮಾಣು ಟಂಗ್‌ಸ್ಟನ್ ಪರಮಾಣುವಿಗಿಂತ ಭಾರ, 207ಕ್ಕೆ 184. ಆದರೂ ಸೀಸದ ಘನ ಹಗುರ! ಅದರಲ್ಲಿ ಪರಮಾಣುಗಳು ಟಂಗ್‌ಸ್ಟನ್‌ನ ಅರ್ಧದಷ್ಟೇ ಇವೆ. ಟಂಗ್‌ಸ್ಟನ್‌ನಲ್ಲಿ ಬಂಧ ಬಲವಾಗಿದೆ, ಪರಮಾಣುಗಳನ್ನು ಹತ್ತಿರಕ್ಕೆ ಎಳೆದು ಹಿಡಿದಿದೆ. ಸೀಸದಲ್ಲಿ ಆ ಹಿಡಿತ ಸಡಿಲ. ಒಂದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಇನ್ನೊಂದು 327ರಲ್ಲೇ ಕರಗುತ್ತದೆ ಅನ್ನುವುದಕ್ಕೂ ಇದಕ್ಕೂ ನಂಟಿದೆ. ಎರಡು ಘನ ಕೈಯಲ್ಲಿ ಹಿಡಿದಾಗ ಇಷ್ಟು ವಿಷಯ ಹೇಳಬಹುದಿತ್ತು.

ಇಲ್ಲೇ ಒಂದು ದೂರು. ನನಗೆ ಬಂದ ಟಂಗ್‌ಸ್ಟನ್ ಘನ 17.6 ಗ್ರಾಂ ತೂಗಿತು. ಅಳತೆ ಸರಿಯಿದೆ, ತೂಕದ ಯಂತ್ರವೂ ಸರಿಯಿದೆ, ಉಳಿದ ಘನಗಳೆಲ್ಲ ಸರಿಯಾಗಿ ತೂಗಿದವು. ದಾರದಲ್ಲಿ ಕಟ್ಟಿದ ಮ್ಯಾಗ್ನೆಟ್ ಹತ್ತಿರ ತಂದರೆ ಸ್ವಲ್ಪ ವಾಲಿತು. ಶುದ್ಧ ಟಂಗ್‌ಸ್ಟನ್ ಹಾಗೆ ಎಳೆಯುವುದಿಲ್ಲ. ಇದು ನಿಕಲ್ ಮತ್ತು ಕಬ್ಬಿಣ ಸೇರಿಸಿ ಮಾಡುವ ಮಿಶ್ರಲೋಹ. ಶುದ್ಧ ಟಂಗ್‌ಸ್ಟನ್ ಕೋಣೆಯ ತಾಪದಲ್ಲಿ ಬಿರುಸು, ಕತ್ತರಿಸಿ ಆಕಾರ ಕೊಡುವುದು ಕಷ್ಟ, ಹಾಗಾಗಿ ಈ ಮಿಶ್ರಲೋಹ ಬಳಸುವುದು ಸಾಮಾನ್ಯವೇ. ಬಳಸಲಿ, ತಪ್ಪಿಲ್ಲ. ಆದರೆ ಪೆಟ್ಟಿಗೆ ಮೇಲೆ ಸುಮ್ನೆ ‘ಟಂಗ್‌ಸ್ಟನ್’ ಅಂತ ಬರೆಯಬಾರದು. ಸಾಂದ್ರತೆ ಕಲಿಸುವುದಕ್ಕೇ ಅಂತ ಮಾಡಿದ ವಸ್ತುವಿನಲ್ಲಿ ಸಾಂದ್ರತೆಯೇ ತಪ್ಪಿದರೆ ಹೇಗೆ?

ಪಟ್ಟಿಗಳ ಪ್ರಯೋಗ ತುಂಬ ಇಷ್ಟವಾಯಿತು. ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣ, ಸ್ಟೇನ್‌ಲೆಸ್ ಉಕ್ಕು, ಎಲ್ಲ ಒಂದೇ ಅಳತೆ. ಪ್ರತಿಯೊಂದರ ಮೇಲೂ ಬಿಸಿಗೆ ಬಣ್ಣ ಬದಲಾಯಿಸುವ ಸ್ಟಿಕ್ಕರ್ ಅಂಟಿಸಿದ್ದಾರೆ. ತುದಿಗಳನ್ನು ಬಿಸಿನೀರಲ್ಲಿ ಇಟ್ಟರೆ ತಾಮ್ರದ ಬಣ್ಣ ಮೊದಲು ಓಡುತ್ತದೆ, ಹಿಂದೆಯೇ ಅಲ್ಯೂಮಿನಿಯಂ, ಆಮೇಲೆ ಹಿತ್ತಾಳೆ, ಕಬ್ಬಿಣ. ಸ್ಟೇನ್‌ಲೆಸ್ ಎಲ್ಲರಿಗಿಂತ ಹಿಂದೆ, ಕಾಯುತ್ತಾ ಕೂರಬೇಕು. ತಾಮ್ರ ಶಾಖವನ್ನು ಸ್ಟೇನ್‌ಲೆಸ್‌ಗಿಂತ ಸುಮಾರು 25 ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಈಗ ಅದೇ ಐದು ಲೋಹಗಳ ತಂತಿಗಳ ವಿದ್ಯುತ್ ರೋಧವನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಅದೇ ಸಾಲು, ಅದೇ ಕ್ರಮ! ಶಾಖ ಸಾಗಿಸುವುದರಲ್ಲಿ ಮುಂದಿರುವುದು ವಿದ್ಯುತ್ ಸಾಗಿಸುವುದರಲ್ಲೂ ಮುಂದೆ. ವೀಡೆಮಾನ್ ಮತ್ತು ಫ್ರಾಂಜ್ ಅನ್ನುವ ವಿಜ್ಞಾನಿಗಳು 1853ರಲ್ಲೇ ಇದನ್ನು ಗಮನಿಸಿದ್ದರು, ಆಗ ಎಲೆಕ್ಟ್ರಾನ್ ಅನ್ನುವುದೇ ಗೊತ್ತಿರಲಿಲ್ಲ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದರು, 1900ರಲ್ಲಿ ಡ್ರೂಡ ಅವರು ಲೋಹದೊಳಗೆ ಎಲೆಕ್ಟ್ರಾನ್‌ಗಳು ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುತ್ತವೆ ಅಂತ ಹೇಳಿ ಎರಡೂ ಕೆಲಸವನ್ನು ಅವುಗಳಿಗೇ ವಹಿಸಿದರು. ಲೋಹೀಯ ಬಂಧದ ಕತೆಯ ನಿಜವಾದ ಆರಂಭ ಇದೇ. ಸ್ಟೇನ್‌ಲೆಸ್‌ನಲ್ಲಿ ಮಾತ್ರ ಅನುಪಾತ ಅಷ್ಟು ಸರಿಹೊಂದುವುದಿಲ್ಲ: ವಿದ್ಯುತ್ತಿನಲ್ಲಿ ಅದು ತಾಮ್ರಕ್ಕಿಂತ 40 ಪಟ್ಟಿಗೂ ಜಾಸ್ತಿ ಹಿಂದೆ, ಶಾಖದಲ್ಲಿ ಅಷ್ಟು ಹಿಂದಿಲ್ಲ. ಎಲೆಕ್ಟ್ರಾನ್‌ಗಳು ಎಡವುವ ಕಡೆ ಪರಮಾಣುಗಳ ಕಂಪನವೂ ಒಂದಷ್ಟು ಶಾಖ ಸಾಗಿಸುತ್ತದೆ.

ತಂತಿಗಳ ಬಗ್ಗೆ ಒಂದು ಎಚ್ಚರಿಕೆ. ಒಂದು ಮೀಟರ್ ಉದ್ದ, 0.2 ಮಿಲಿಮೀಟರ್ ದಪ್ಪ ಕೊಟ್ಟಿದ್ದಾರೆ. ಸ್ಟೇನ್‌ಲೆಸ್ 20 ಓಮ್ ದಾಟುತ್ತದೆ, ಕಬ್ಬಿಣ 3 ಓಮ್ ಆಸುಪಾಸು, ಇವು ಸುಲಭ. ಆದರೆ ತಾಮ್ರದ್ದು ಅರ್ಧ ಓಮ್‌ನಷ್ಟು. ಮಲ್ಟಿಮೀಟರ್‌ನ ಎರಡು ವೈರ್‌ಗಳ ರೋಧವೇ ಅದಕ್ಕೆ ಹತ್ತಿರ ಇರಬಹುದು. ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಂಡು, ಪ್ರತಿ ಅಳತೆಯಿಂದಲೂ ಕಳೆಯಬೇಕು. ಪುಸ್ತಿಕೆ ಇದನ್ನು ಹೇಳುವುದಿಲ್ಲ. ಕಳೆಯದಿದ್ದರೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಎಷ್ಟು ಪಟ್ಟು ಹಿಂದೆ ಅನ್ನುವುದು ತಪ್ಪಾಗಿ ಬರುತ್ತದೆ. ತಂತಿ ಮೂರ್ನಾಲ್ಕು ಮೀಟರ್ ಕೊಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಹಿತ್ತಾಳೆಯನ್ನು ಸೇರಿಸಿದ್ದು ಒಳ್ಳೆಯ ಯೋಚನೆ. ತಾಮ್ರ ಒಳ್ಳೆಯ ವಾಹಕ, ಸತುವೂ ಕೆಟ್ಟದ್ದಲ್ಲ, ಎರಡನ್ನೂ ಬೆರೆಸಿದರೆ ನಡುವಿನದೇನಾದರೂ ಬರಬೇಕಲ್ವಾ? ಬರುವುದಿಲ್ಲ. ಸಾಮಾನ್ಯ ಹಿತ್ತಾಳೆ ತಾಮ್ರದ ಕಾಲುಭಾಗದಷ್ಟು ವಿದ್ಯುತ್ ಸಾಗಿಸುತ್ತದೆ, ಸತುವಿನ ಮಟ್ಟವನ್ನೂ ಮೀರುವುದಿಲ್ಲ. ಒಂದೇ ಬಗೆಯ ಪರಮಾಣುಗಳು ಅಚ್ಚುಕಟ್ಟಾಗಿ ಸಾಲು ನಿಂತಿದ್ದರೆ ಎಲೆಕ್ಟ್ರಾನ್ ಅದರ ನಡುವೆ ತಡೆಯಿಲ್ಲದೆ ಹೋಗುತ್ತದೆ. ಬೇರೆ ಪರಮಾಣುಗಳು ಎಲ್ಲೆಂದರಲ್ಲಿ ಸೇರಿಕೊಂಡರೆ ದಾರಿ ಕೆಡುತ್ತದೆ. ಅದೇ ಅಡ್ಡ ಪರಮಾಣುಗಳಿಂದ ಹಿತ್ತಾಳೆ ತಾಮ್ರಕ್ಕಿಂತ ಗಟ್ಟಿಯೂ ಆಗುತ್ತದೆ.

ಈಗ ಗುಂಡುಗಳ ಫಲಕ. ಇಡೀ ಕಿಟ್‌ನಲ್ಲಿ ನನಗೆ ತುಂಬ ಬೆಲೆಯುಳ್ಳದ್ದು ಅನ್ನಿಸಿದ್ದು ಇದು. ನೋಡಲು ಏನೂ ಅನ್ನಿಸುವುದಿಲ್ಲ. ಓರೆಯಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಗುಂಡುಗಳು ತಾವಾಗಿಯೇ ಆರು ನೆರೆಯವರ ನಡುವೆ ಒಂದು ಅನ್ನುವ ಹಾಗೆ ಸಾಲಾಗಿ ಕೂರುತ್ತವೆ. ಆದರೆ ಇಡೀ ಫಲಕ ಒಂದೇ ಸಾಲಾಗುವುದಿಲ್ಲ. ಇಲ್ಲೊಂದು ತುಂಡು ಒಂದು ದಿಕ್ಕಿಗೆ, ಅಲ್ಲೊಂದು ತುಂಡು ಇನ್ನೊಂದು ದಿಕ್ಕಿಗೆ, ನಡುವೆ ಹೊಂದಿಕೆಯಾಗದ ಗೆರೆ. ನಾವು ಬಳಸುವ ಲೋಹವೆಲ್ಲ ಹೆಚ್ಚುಪಾಲು ಹೀಗೇ ಇರುತ್ತದೆ, ಸಣ್ಣ ಸಣ್ಣ ಹರಳುಗಳ ಗುಂಪು. ಅಲ್ಲಲ್ಲಿ ಒಂದು ಗುಂಡಿನ ಜಾಗ ಖಾಲಿ. ಇನ್ನೂ ಗಮನವಿಟ್ಟು ನೋಡಿದರೆ, ಒಂದು ಸಾಲು ಅರ್ಧಕ್ಕೇ ನಿಂತುಹೋಗಿ ಅಕ್ಕಪಕ್ಕದ ಸಾಲುಗಳು ಅದರ ತುದಿಯ ಸುತ್ತ ಬಾಗಿ ಮತ್ತೆ ಕೂಡಿಕೊಂಡಿರುವುದು ಕಾಣುತ್ತದೆ.

ಆ ಅರ್ಧಕ್ಕೆ ನಿಂತ ಸಾಲನ್ನು ಹುಡುಕಿ ತೋರಿಸಿ, ದಯವಿಟ್ಟು. ಲೋಹ ಯಾಕೆ ಬಾಗುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲಿದೆ. ಪುಸ್ತಿಕೆ ಹೇಳುವುದು ಇಷ್ಟು: ಎಲೆಕ್ಟ್ರಾನ್‌ಗಳ ಸಾಗರದಲ್ಲಿ ಧನ ಅಯಾನುಗಳಿವೆ (ಎಲೆಕ್ಟ್ರಾನ್ ಬಿಟ್ಟುಕೊಟ್ಟ ಪರಮಾಣುಗಳು), ಬಡಿದಾಗ ಅಯಾನುಗಳ ಪದರ ಜಾರಿದರೂ ಎಲೆಕ್ಟ್ರಾನ್‌ಗಳು ಜೊತೆಗೇ ಇದ್ದು ಹಿಡಿದುಕೊಳ್ಳುತ್ತವೆ, ಆದ್ದರಿಂದ ಲೋಹ ಒಡೆಯದೆ ತಗಡಾಗುತ್ತದೆ. ಉಪ್ಪಿನ ಹರಳಿನಲ್ಲಿ ಪದರ ಜಾರಿದರೆ ಧನಕ್ಕೆ ಧನ ಎದುರಾಗಿ ತಳ್ಳಿಕೊಂಡು ಒಡೆಯುತ್ತದೆ. ಸರಿಯೇ, ಯಾಕೆ ಒಡೆಯುವುದಿಲ್ಲ ಅನ್ನುವುದಕ್ಕೆ ಇದು ಸರಿ. ಆದರೆ ಇಷ್ಟು ಸುಲಭವಾಗಿ ಯಾಕೆ ಬಾಗುತ್ತದೆ? 1926ರಲ್ಲಿ ಫ್ರೆಂಕೆಲ್ ಅವರು ಒಂದು ಇಡೀ ಪದರ ಇನ್ನೊಂದರ ಮೇಲೆ ಒಮ್ಮೆಗೇ ಜಾರಬೇಕಾದರೆ ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿದರು. ಬಂದ ಉತ್ತರ ನಿಜವಾದ ಶುದ್ಧ ಲೋಹದ ಹರಳಿಗೆ ಬೇಕಾಗುವುದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಲೆಕ್ಕದ ಪ್ರಕಾರ ತಾಮ್ರದ ತಂತಿಯನ್ನು ಕೈಯಲ್ಲಿ ಬಗ್ಗಿಸಲು ಆಗಲೇಬಾರದು! 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ, ಮೂವರೂ ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಪದರ ಒಮ್ಮೆಗೇ ಜಾರುವುದಿಲ್ಲ. ಆ ಅರ್ಧ ಸಾಲಿನ ತುದಿ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ, ಒಂದು ಸಲಕ್ಕೆ ಸ್ವಲ್ಪವೇ ಬಂಧ ಬಿಟ್ಟು ಕೂಡಿಕೊಳ್ಳುತ್ತದೆ. ದೊಡ್ಡ ಜಮಖಾನೆಯನ್ನು ಒಟ್ಟಿಗೆ ಎಳೆಯುವ ಬದಲು ಒಂದು ಕಡೆ ಮಡಿಕೆ ಮಾಡಿ ಆ ಮಡಿಕೆಯನ್ನು ತಳ್ಳಿಕೊಂಡು ಹೋದ ಹಾಗೆ. 1956ರಲ್ಲಿ ಕೇಂಬ್ರಿಜ್‌ನಲ್ಲಿ ಹರ್ಷ್ ಮತ್ತು ಜೊತೆಗಾರರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಂಥ ಅರ್ಧ ಸಾಲಿನ ತುದಿಗಳು ಅಲ್ಯೂಮಿನಿಯಂನೊಳಗೆ ಚಲಿಸುವುದನ್ನು ಕಣ್ಣಾರೆ ನೋಡಿದರು. ಇಂಥ ಕತೆಗೆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ, ಫಲಕ ಮಾತ್ರ ಪೆಟ್ಟಿಗೆಯಲ್ಲಿದೆ. ‘ಪರಮಾಣುಗಳ ಜೋಡಣೆ ನೋಡಿ’ ಅಂತ ಬರೆದು ಬಿಟ್ಟಿದ್ದಾರೆ. ನನಗೆ ನಿಜಕ್ಕೂ ಬೇಸರವಾಯಿತು.

ಫಲಕಕ್ಕೂ ಮಿತಿ ಇದೆ. ಉಕ್ಕಿನ ಗುಂಡುಗಳು ಒಂದನ್ನೊಂದು ಎಳೆಯುವುದಿಲ್ಲ, ಹಾಗಾಗಿ ಅರ್ಧಕ್ಕೆ ನಿಂತ ಸಾಲಿನಂಥ ದೋಷಗಳು ಚಲಿಸುವುದು ಇದರಲ್ಲಿ ಸರಿಯಾಗಿ ಕಾಣದು. ಅದಕ್ಕೆ ಬ್ರ್ಯಾಗ್ ಮತ್ತು ನೈ 1947ರಲ್ಲಿ ತೋರಿಸಿದ ಸೋಪಿನ ಗುಳ್ಳೆಗಳ ವಿಧಾನವೇ ಚೆನ್ನ. ಸೋಪಿನ ನೀರಿನೊಳಗೆ ಸೂಜಿಯಂಥ ಸಣ್ಣ ಕೊಳವೆಯಿಂದ ಒಂದೇ ಒತ್ತಡದಲ್ಲಿ ಗಾಳಿ ಬಿಟ್ಟರೆ ಒಂದೇ ಗಾತ್ರದ ಗುಳ್ಳೆಗಳು ನೀರಿನ ಮೇಲೆ ಹರಡಿ ಅಂಟಿಕೊಳ್ಳುತ್ತವೆ. ಪಕ್ಕದಿಂದ ತಳ್ಳಿದರೆ ದೋಷ ಸರ್ರನೆ ಓಡುವುದು ಕಾಣುತ್ತದೆ. ಮೀನಿನ ತೊಟ್ಟಿಯ ಪಂಪ್ ಇದ್ದರೆ ಯಾರಾದರೂ ಮಾಡಬಹುದು.

ಕಡ್ಡಿಗಳನ್ನು ಬಗ್ಗಿಸುವ ಪ್ರಯೋಗವನ್ನು ಫಲಕದ ಜೊತೆಗೇ ಮಾಡಿ, ಆಗ ಅರ್ಥವಾಗುತ್ತದೆ. ತಾಮ್ರದ ಕಡ್ಡಿ ಮೊದಲ ಸಲ ಮೆತ್ತಗೆ ಬಾಗುತ್ತದೆ. ಅದೇ ಜಾಗದಲ್ಲಿ ಮತ್ತೆ ನೆಟ್ಟಗೆ ಮಾಡಲು ಹೋಗಿ, ಗಟ್ಟಿಯಾಗಿರುತ್ತದೆ. ಬಾಗಿದಾಗ ಒಳಗೆ ಹೊಸ ದೋಷಗಳು ರಾಶಿ ರಾಶಿ ಹುಟ್ಟಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ, ಮುಂದೆ ಸರಿಯಲು ದಾರಿಯಿಲ್ಲ. ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ, ಪರಮಾಣುಗಳು ಹೊಸದಾಗಿ ಸಾಲು ಕಟ್ಟಿಕೊಂಡಿರುತ್ತವೆ. ಸತುವಿನ ಕಡ್ಡಿ ಹಾಗಲ್ಲ, ಜೋರಾಗಿ ಬಗ್ಗಿಸಿದರೆ ಮುರಿಯುತ್ತದೆ. ತಾಮ್ರದ ಹರಳಿನಲ್ಲಿ ಪದರಗಳು ಜಾರಲು 12 ದಾರಿಗಳಿವೆ. ಸತುವಿನಲ್ಲಿ ಕೋಣೆಯ ತಾಪದಲ್ಲಿ ಸುಲಭವಾಗಿ ಸಿಗುವುದು ಮೂರೇ. 100 ರಿಂದ 150 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಸತು ತಗಡಾಗುತ್ತದೆ. ಎರಡರಲ್ಲೂ ಎಲೆಕ್ಟ್ರಾನ್ ಸಾಗರ ಇದೆ ತಾನೇ? ‘ಸಾಗರ ಇದೆ, ಆದ್ದರಿಂದ ಬಾಗುತ್ತದೆ’ ಅಂದರೆ ಸತುವಿಗೆ ಏನು ಹೇಳುತ್ತೀರಿ? ಜೋಡಣೆಯನ್ನೂ ಹೇಳಲೇಬೇಕು. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, ಕರಕರ ಸದ್ದು ಕೇಳುತ್ತದೆ. ಒಳಗಿನ ಹರಳುಗಳ ಭಾಗಗಳು ಫಕ್ಕನೆ ಇನ್ನೊಂದು ದಿಕ್ಕಿಗೆ ಹೊರಳುವ ಸದ್ದು ಅದು.

ಪುಸ್ತಿಕೆಯ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಒಂದು ಚಿತ್ರ ಹಿಡಿದುಕೊಂಡು ಎಲ್ಲ ಪ್ರಶ್ನೆಗೂ ಅದನ್ನೇ ತೋರಿಸುತ್ತದೆ. ‘ಬಿಡಿ ಎಲೆಕ್ಟ್ರಾನ್ ಜಾಸ್ತಿಯಿದ್ದಷ್ಟೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಬಂಧ ಬಲವಾಗುತ್ತದೆ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅಲ್ಯೂಮಿನಿಯಂ ಒಂದೊಂದು ಪರಮಾಣುವಿಗೆ ಮೂರು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಾಮ್ರ ಒಂದು. ಒಂದು ಘನ ಸೆಂಟಿಮೀಟರ್‌ನಲ್ಲಿ ಅಲ್ಯೂಮಿನಿಯಂನ ಬಿಡಿ ಎಲೆಕ್ಟ್ರಾನ್‌ಗಳು ತಾಮ್ರದ ಎರಡು ಪಟ್ಟು. ಆದರೂ ತಾಮ್ರವೇ ಚೆನ್ನಾಗಿ ವಿದ್ಯುತ್ ಸಾಗಿಸುತ್ತದೆ, ಇದೇ ಕಿಟ್‌ನ ತಂತಿಗಳಲ್ಲೇ ಅಳೆದು ನೋಡಬಹುದು! ಎಷ್ಟು ಎಲೆಕ್ಟ್ರಾನ್ ಇವೆ ಅನ್ನುವುದಲ್ಲದೆ, ಡಿಕ್ಕಿಯಾಗದೆ ಎಷ್ಟು ದೂರ ಹೋಗುತ್ತವೆ ಅನ್ನುವುದೂ ಮುಖ್ಯ. ಕರಗುವ ಬಿಂದುವೂ ಅಷ್ಟೇ. ಒಂದು ಎಲೆಕ್ಟ್ರಾನ್ ಬಿಡುವ ಸೋಡಿಯಂ 98 ಡಿಗ್ರಿ, ಎರಡು ಬಿಡುವ ಮೆಗ್ನೀಸಿಯಂ 650, ಹೇಳಿದ ಹಾಗೆಯೇ ಇದೆ. ಮುಂದೆ ಅಲ್ಯೂಮಿನಿಯಂ? 660. ಒಂದು ಎಲೆಕ್ಟ್ರಾನ್ ಹೆಚ್ಚಾದರೂ ಹತ್ತೇ ಡಿಗ್ರಿ ವ್ಯತ್ಯಾಸ.

ಕರಗುವ ಬಿಂದು ಒಂದನ್ನೇ ನೋಡಿ ಬಂಧದ ಬಲ ಹೇಳುವುದೇ ಎಡವಟ್ಟು, ಅದಕ್ಕೆ ಸಾಕ್ಷಿಯೂ ಪೆಟ್ಟಿಗೆಯಲ್ಲೇ ಇದೆ. ಗ್ಯಾಲಿಯಂ 29.8 ಡಿಗ್ರಿಗೆ ಕರಗುತ್ತದೆ, ಚೀಲವನ್ನು ಅಂಗೈಯಲ್ಲಿ ಹಿಡಿದರೆ ಸಾಕು. ಬಂಧ ದುರ್ಬಲ ಅಂತ ಪುಸ್ತಿಕೆ ತೀರ್ಪು ಕೊಡುತ್ತದೆ. ಆದರೆ ಅದೇ ಗ್ಯಾಲಿಯಂ ಕುದಿಯಬೇಕಾದರೆ 2000 ಡಿಗ್ರಿ ದಾಟಬೇಕು. ಪರಮಾಣುಗಳನ್ನು ಒಂದರಿಂದೊಂದು ಪೂರ್ತಿ ಬಿಡಿಸಲು ಅಷ್ಟು ಕಷ್ಟಪಡಬೇಕು ಅಂದರೆ ಬಂಧ ಬಲವಾಗಿಯೇ ಇದೆ. ಕರಗುವಾಗ ಕೆಡುವುದು ಗಟ್ಟಿಯಾಗಿದ್ದಾಗಿನ ಪರಮಾಣುಗಳ ಜೋಡಣೆ, ಬಂಧ ಅಷ್ಟಾಗಿ ಹೋಗುವುದಿಲ್ಲ. ಗಟ್ಟಿ ಗ್ಯಾಲಿಯಂನ ಜೋಡಣೆ ವಿಚಿತ್ರವಾದದ್ದು, ಪ್ರತಿ ಪರಮಾಣುವಿಗೂ ಒಂದೇ ಒಂದು ನೆರೆಯ ಪರಮಾಣು ಉಳಿದವಕ್ಕಿಂತ ಹತ್ತಿರ ಇರುತ್ತದೆ. ನಿಜವಾಗಿ ಬಂಧ ದುರ್ಬಲವಾಗಿರುವುದು ಪಾದರಸದಲ್ಲಿ. ಅದು 357 ಡಿಗ್ರಿಗೇ ಕುದಿದು ಹೋಗುತ್ತದೆ. ಗ್ಯಾಲಿಯಂ, ಪಾದರಸ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಪುಟ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮ್ಯಾಗ್ನೆಟ್ ಮತ್ತು ಕೊಳವೆ ಯಾವಾಗಲೂ ಖುಷಿ ಕೊಡುತ್ತದೆ. ತಾಮ್ರ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಆದರೂ ಕೊಳವೆಯೊಳಗೆ ಬಿಟ್ಟ ಮ್ಯಾಗ್ನೆಟ್ ನಿಧಾನವಾಗಿ ತೇಲಿದಂತೆ ಇಳಿಯುತ್ತದೆ. ಬೀಳುವ ಮ್ಯಾಗ್ನೆಟ್ ಕೊಳವೆಯ ಎಲೆಕ್ಟ್ರಾನ್‌ಗಳನ್ನು ಸುತ್ತು ಹೊಡೆಸುತ್ತದೆ, ಆ ಪ್ರವಾಹ ಮ್ಯಾಗ್ನೆಟನ್ನೇ ತಡೆಯುತ್ತದೆ. ಪುಸ್ತಿಕೆಯಲ್ಲಿ ಲೋಹದ ಹೊಳಪಿನ ಬಗ್ಗೆ ಇರುವ ಭಾಗವೂ ಪರವಾಗಿಲ್ಲ. ತಾಮ್ರ ಯಾಕೆ ಕೆಂಪು, ಉಳಿದವು ಯಾಕೆ ಬಿಳಿ ಅಂತ ಪುಸ್ತಿಕೆ ಸರಿಯಾಗಿ ಹೇಳಿದೆ: ತಾಮ್ರದ ಒಳಗಿನ ಎಲೆಕ್ಟ್ರಾನ್‌ಗಳು ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಮೇಲೇರಬಲ್ಲವು, ಬೆಳ್ಳಿಯಲ್ಲಿ ಅದೇ ಕೆಲಸಕ್ಕೆ ಅತಿನೇರಳೆ ಬೆಳಕು ಬೇಕು.

ಇನ್ನು ಸುರಕ್ಷತೆ. ಇದರಲ್ಲಿ ನಾನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಸೀಸದ ಘನಕ್ಕೆ ಯಾವ ಲೇಪವೂ ಇಲ್ಲ, ಉಳಿದವುಗಳ ಪಕ್ಕದಲ್ಲೇ ಇಟ್ಟಿದ್ದಾರೆ, ಎಚ್ಚರಿಕೆ ಪುಸ್ತಿಕೆಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದೆ. ಸೀಸ ಮೆತ್ತಗಿನ ಲೋಹ, ಮುಟ್ಟಿದರೆ ಕೈಗೆ ಬೂದು ಬಣ್ಣ ಹತ್ತುತ್ತದೆ, ಆ ಕೈ ಬಾಯಿಗೆ ಹೋಗಬಾರದು. ಮಕ್ಕಳ ದೇಹಕ್ಕೆ ಸೀಸ ತುಂಬ ಕೆಟ್ಟದ್ದು. ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಕೊಡಬೇಕಿತ್ತು, ತೂಕ ನೋಡಲು ಅಷ್ಟು ಸಾಕು. ನೀವು ಕೊಂಡರೆ ಮೊದಲ ಕೆಲಸ ಅದನ್ನೇ ಮಾಡಿ, ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಲಿ. ತಾಮ್ರದ ಕಡ್ಡಿ ಕಾಯಿಸುವ ಕೆಲಸವನ್ನು ದೊಡ್ಡವರೇ ಮಾಡಬೇಕು. ಮೆಗ್ನೀಸಿಯಂ ಘನವನ್ನು ಉಜ್ಜಿ ಪುಡಿ ಮಾಡಲು ಹೋಗಬೇಡಿ, ಆ ಪುಡಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಯಾರಿಗೆ ಇದು? ಪ್ರೌಢಶಾಲೆ, ಪಿಯುಸಿ ಮಕ್ಕಳಿಗೆ ಕಲಿಸುವ ಮೇಷ್ಟ್ರುಗಳಿಗೆ ಖಂಡಿತ ಬೇಕು. ಸಣ್ಣ ಮಕ್ಕಳಿಗೆ ಒಬ್ಬರೇ ಆಡಲು ಕೊಡುವಂಥದ್ದಲ್ಲ. ಪುಸ್ತಿಕೆಯನ್ನು ಮೊದಲು ಓದಿಸಬೇಡಿ. ಮೊದಲು ತೂಗಲಿ, ಬಗ್ಗಿಸಲಿ, ಫಲಕ ತಟ್ಟಲಿ, ಅಳೆಯಲಿ, ‘ಸತು ಯಾಕೆ ಮುರಿಯಿತು’ ಅಂತ ಅವರೇ ಕೇಳಲಿ. ಟಂಗ್‌ಸ್ಟನ್ ಬಗ್ಗೆ ಮಾರಾಟಗಾರರಿಗೆ ಬರೆದಿದ್ದೆ. ಮಿಶ್ರಲೋಹ ಅಂತ ಒಪ್ಪಿಕೊಂಡರು, ಪೆಟ್ಟಿಗೆಯ ಮೇಲಿನ ಹೆಸರು ಬದಲಾಯಿಸುವ ಬಗ್ಗೆ ಏನೂ ಹೇಳಲಿಲ್ಲ. ಹಾಗಾಗಿ ಕೈಗೆ ಬಂದ ಕೂಡಲೇ ಆ ಘನವನ್ನು ತೂಗಿ ನೋಡಿ, 19 ಗ್ರಾಂಗಿಂತ ಕಡಿಮೆ ಇದ್ದರೆ ಪುಸ್ತಿಕೆಯ ಪಟ್ಟಿಯಲ್ಲಿ ಹೆಸರು ತಿದ್ದಿಕೊಳ್ಳಿ. ಗ್ಯಾಲಿಯಂ ಚೀಲವನ್ನು ಅಲ್ಯೂಮಿನಿಯಂ ಘನ, ಪಟ್ಟಿಗಳಿಂದ ದೂರ, ಬೇರೆ ಡಬ್ಬಿಯಲ್ಲಿಡಿ. ಒಂದು ಹನಿ ಸೋರಿ ಗೀರಿನ ಜಾಗಕ್ಕೆ ತಾಗಿದರೂ ಅದು ಹರಳುಗಳ ನಡುವಿನ ಗೆರೆಗಳಲ್ಲಿ ಇಳಿದು, ಅಲ್ಯೂಮಿನಿಯಂ ಕೈಯಲ್ಲೇ ಪುಡಿಯಾಗುವಷ್ಟು ಕೆಟ್ಟುಹೋಗುತ್ತದೆ.